ಬೆಳ್ಳಗಿರೋದೆಲ್ಲ ಹಾಲಲ್ಲ: ಟಾರ್ಚಿನೊಳಗಿನ ಎಲ್.ಇ.ಡಿ.ಗಳ ಹೋಲಿಕೆ



ನಮ್ಮ ಕಡೆ ಟಾರ್ಚಿಗೆ ಯಾರೂ ಟಾರ್ಚು ಅನ್ನೋದಿಲ್ಲ. "ಮಗಾ, ಆ ಬ್ಯಾಟ್ರಿ ತಗೊಂಡ್ ಬಾರೋ" ಅಂತಲೇ ಅನ್ನೋದು. ಅರಕಲಗೂಡು ತಾಲ್ಲೂಕಿನ ಯಾವ ರೈತರ ಮನೆಗೆ ಹೋದರೂ ಗೋಡೆಯ ಗೂಡಿನಲ್ಲೋ ಬಾಗಿಲ ಹಿಂದಿನ ಮೊಳೆಯಲ್ಲೋ ಒಂದು ಬ್ಯಾಟ್ರಿ ಇದ್ದೇ ಇರುತ್ತದೆ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಮೋಟರ್ ಹಾಕಲು ಹೊಲಕ್ಕೆ ಹೋಗಬೇಕು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ ಕಾಯಬೇಕು. ಕಾಡಂಚಿನ ಊರುಗಳಲ್ಲಿ ಗದ್ದೆಗೆ ಆನೆ ಬಂತೇನೋ ಅಂತ ನೋಡಬೇಕು. ಈ ಮೂರು ಕೆಲಸವೂ ಕತ್ತಲೆಯಲ್ಲೇ ನಡೆಯುವಂಥವು. ಕೈಯಲ್ಲಿರುವ ಬೆಳಕು ಸರಿಯಿಲ್ಲ ಅಂದರೆ ಹಾವು ತುಳಿಯಬಹುದು, ಸೊಪ್ಪು ಕೆಡಬಹುದು, ಜೀವಕ್ಕೇ ಸಂಚಕಾರ ಬರಬಹುದು.

ಹಿಂದೆ ಟಾರ್ಚಿನೊಳಗೆ ಪುಟ್ಟ ಬಲ್ಬು ಇರುತ್ತಿತ್ತು. ಈಗ ಎಲ್ಲದರಲ್ಲೂ ಎಲ್.ಇ.ಡಿ. ಬಂದಿದೆ. ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ, "ಯಾವ ಕಂಪನೀದು ಒಳ್ಳೇದು?" ಎಂಬುದು. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. "ನನಗೆ ಯಾವ ಕೆಲಸಕ್ಕೆ ಬೇಕು?" ಎಂಬುದೇ ಆ ಪ್ರಶ್ನೆ. ಯಾಕೆ ಹಾಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಎಲ್.ಇ.ಡಿ. ಎಂದರೇನು?

ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಕೆಂಡವಾಗಿ ಬೆಳಗುತ್ತಿತ್ತು. ಸೆಲ್ಲಿನ ಶಕ್ತಿಯಲ್ಲಿ ಬಹುಪಾಲು ಬಿಸಿಯಾಗಿ ಹೋಗಿ, ಬೆಳಕಾಗುತ್ತಿದ್ದುದು ಬಹಳ ಸ್ವಲ್ಪ. ಎಲ್.ಇ.ಡಿ.ಯಲ್ಲಿ ತಂತಿಯೇ ಇಲ್ಲ. ಅದರಲ್ಲಿರುವುದು ಅರೆವಾಹಕದ ಒಂದು ಚಿಕ್ಕ ಚೂರು. ಇದಕ್ಕೆ ಚಿಪ್ ಎನ್ನುತ್ತಾರೆ. ಇದರ ಒಂದು ಪದರದಲ್ಲಿ ಎಲೆಕ್ಟ್ರಾನ್ ಹೆಚ್ಚಾಗಿರುತ್ತವೆ. ಇನ್ನೊಂದು ಪದರದಲ್ಲಿ ಎಲೆಕ್ಟ್ರಾನ್ ಇರಬೇಕಾದ ಜಾಗ ಖಾಲಿ ಇರುತ್ತದೆ. ವಿದ್ಯುತ್ ಹರಿದಾಗ ಎಲೆಕ್ಟ್ರಾನ್ ಹೋಗಿ ಆ ಖಾಲಿ ಜಾಗಕ್ಕೆ ಬೀಳುತ್ತದೆ. ಬೀಳುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕಾಗಿ ಹೊರಬರುತ್ತದೆ. ಚಿಪ್ಪನ್ನು ಯಾವ ವಸ್ತುವಿನಿಂದ ಮಾಡಿದ್ದಾರೆ ಎಂಬುದರ ಮೇಲೆ ಬೆಳಕಿನ ಬಣ್ಣ ನಿಂತಿದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ನಿಕ್ ಹೊಲೊನ್ಯಾಕ್ 1962ರಲ್ಲಿ ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ. ಮಾಡಿ ತೋರಿಸಿದರು. ಆಮೇಲೆ ಹಸಿರು, ಹಳದಿ ಬಂದವು. ಹೊಳೆಯುವ ನೀಲಿ ಮಾತ್ರ ಬಹಳ ವರ್ಷ ಯಾರ ಕೈಗೂ ಸಿಗಲಿಲ್ಲ. ನೀಲಿ ಇಲ್ಲದೆ ಬಿಳಿ ಬೆಳಕು ಮಾಡಲು ಆಗುವುದಿಲ್ಲ. ಜಪಾನಿನ ನಗೋಯ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮತ್ತು ಹಿರೋಶಿ ಅಮಾನೊ ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ಮೇಲೆ ಪಟ್ಟು ಬಿಡದೆ ದುಡಿದರು. ಅದೇ ದೇಶದ ನಿಚಿಯಾ ಕಂಪನಿಯ ಶೂಜಿ ನಕಮುರ 1993ರಲ್ಲಿ ಪ್ರಖರ ನೀಲಿ ಎಲ್.ಇ.ಡಿ.ಯನ್ನು ಹೊರತಂದರು. ಈ ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ನೀಲಿಗೆ ಅರಿಶಿನ ಬಳಿದರೆ ಬಿಳಿ!

ಟಾರ್ಚಿನ ಎಲ್.ಇ.ಡಿ.ಯ ಒಳಗೆ ಬಿಳಿ ಬೆಳಕು ಹುಟ್ಟುವುದೇ ಇಲ್ಲ ಎಂದರೆ ನಂಬುತ್ತೀರಾ? ಅಲ್ಲಿ ಹುಟ್ಟುವುದು ನೀಲಿ. ಆ ನೀಲಿ ಚಿಪ್ಪಿನ ಮೇಲೆ ಅರಿಶಿನ ಬಳಿದ ಹಾಗೆ ಹಳದಿ ಬಣ್ಣದ ಫಾಸ್ಫರ್ ಎಂಬ ಪುಡಿಯನ್ನು ಮೆತ್ತಿರುತ್ತಾರೆ. ನೀಲಿ ಬೆಳಕಿನಲ್ಲಿ ಒಂದು ಪಾಲನ್ನು ಫಾಸ್ಫರ್ ನುಂಗಿ ಹಳದಿ ಬೆಳಕಾಗಿ ಹೊರಗೆ ಬಿಡುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಸೇರಿದಾಗ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ಈ ಉಪಾಯದ ಬಿಳಿ ಎಲ್.ಇ.ಡಿ.ಯನ್ನು ನಿಚಿಯಾ 1996ರಲ್ಲಿ ಮಾರುಕಟ್ಟೆಗೆ ತಂದಿತು.

ಇಲ್ಲಿಯೇ ಒಂದು ಮೋಸ ಅಡಗಿದೆ. ಸೂರ್ಯನ ಬಿಳಿ ಬೆಳಕಿನಲ್ಲಿ ಕಾಮನಬಿಲ್ಲಿನ ಏಳೂ ಬಣ್ಣ ಇವೆ. ಎಲ್.ಇ.ಡಿ.ಯ ಬಿಳಿಯಲ್ಲಿ ನೀಲಿ ಬಹಳ, ಹಳದಿ ಬಹಳ, ಕಡುಗೆಂಪು ಕಡಿಮೆ. ನೋಡಲು ಎರಡೂ ಬಿಳಿಯೇ. ಆದರೆ ಕೆಂಪೇ ಇಲ್ಲದ ಬೆಳಕು ಕೆಂಪು ವಸ್ತುವಿನ ಮೇಲೆ ಬಿದ್ದರೆ ಅದು ಏನನ್ನು ತಾನೇ ಹಿಂದಕ್ಕೆ ಕಳಿಸೀತು? ಹಾಗಾಗಿ ಕೆಂಪು ಮಂಕಾಗುತ್ತದೆ, ಕಂದು ಬೂದಿಯಾಗುತ್ತದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಹೇಳಿದ್ದು ಈ ಬೆಳಕಿಗೂ ಹೊಂದುತ್ತದೆ.

ಅಳೆಯಲು ನಾಲ್ಕು ಅಳತೆ

ಎತ್ತು ಕೊಳ್ಳುವಾಗ ಬರೀ ಮೈಕಟ್ಟು ನೋಡುವುದಿಲ್ಲ. ಹಲ್ಲು, ಸುಳಿ, ನಡಿಗೆ ಎಲ್ಲ ನೋಡುತ್ತಾರೆ. ಹಾಗೆಯೇ ಎಲ್.ಇ.ಡಿ.ಗೂ ನಾಲ್ಕು ಅಳತೆ ಇವೆ.

ಮೊದಲನೆಯದು ಲ್ಯೂಮೆನ್. ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಎಂಬುದನ್ನು ಇದು ಹೇಳುತ್ತದೆ. ಕೊಳವೆಬಾವಿಯಲ್ಲಿ ಎಷ್ಟು ಇಂಚು ನೀರು ಬಂತು ಎಂದು ಕೇಳಿದ ಹಾಗೆ.

ಎರಡನೆಯದು ಕ್ಯಾಂಡೆಲಾ. ಒಂದು ದಿಕ್ಕಿಗೆ ಬೆಳಕು ಎಷ್ಟು ಜೋರಾಗಿ ಹೋಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಪೈಪಿನ ಬಾಯನ್ನು ಬೆರಳಿನಿಂದ ಅರ್ಧ ಮುಚ್ಚಿದರೆ ಅದೇ ನೀರು ದೂರಕ್ಕೆ ಚಿಮ್ಮುತ್ತದೆ ಅಲ್ವಾ? ಹಾಗೆಯೇ ಅದೇ ಲ್ಯೂಮೆನ್ನನ್ನು ಒಂದೇ ಕಡೆ ಒಟ್ಟುಮಾಡಿದರೆ ಕ್ಯಾಂಡೆಲಾ ಹೆಚ್ಚುತ್ತದೆ. ಟಾರ್ಚಿನ ಬೆಳಕು ಎಷ್ಟು ದೂರ ಹೋಗುತ್ತದೆ ಎಂದು ಹೇಳಲು 2009ರಲ್ಲಿ ಅಮೆರಿಕದಲ್ಲಿ ಎಫ್.ಎಲ್.1 ಎಂಬ ಅಳತೆಯ ನಿಯಮ ಬಂತು. ಬೆಳಕು ಕಾಲು ಲಕ್ಸ್‌ಗೆ, ಅಂದರೆ ಸರಿಸುಮಾರು ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿಯುವ ಜಾಗವೇ ಆ ಟಾರ್ಚಿನ ದೂರ. ಇದರ ಸೂತ್ರ ಬಹಳ ಸುಲಭ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಬರುತ್ತದೆ. 10,000 ಕ್ಯಾಂಡೆಲಾ ಇದ್ದರೆ ವರ್ಗಮೂಲ 100, ದೂರ 200 ಮೀಟರ್. 40,000 ಕ್ಯಾಂಡೆಲಾ ಇದ್ದರೆ 400 ಮೀಟರ್. ದೂರ ಎರಡು ಪಟ್ಟಾಗಬೇಕಾದರೆ ಜೋರು ನಾಲ್ಕು ಪಟ್ಟಾಗಬೇಕು ಎಂಬುದನ್ನು ಗಮನಿಸಿ.

ಮೂರನೆಯದು ಬೆಳಕಿನ ಬಣ್ಣದ ಉಷ್ಣತೆ. ಇದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದ್ದೀರಲ್ಲ? ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ಅದೇ ಲೆಕ್ಕ ಇಲ್ಲಿಯೂ. ಸುಮಾರು 3000 ಕೆಲ್ವಿನ್ ಅಂದರೆ ಹಳೆಯ ಬಲ್ಬಿನಂಥ ಹಳದಿ ಬೆಳಕು. 4000 ದಿಂದ 5000 ಅಂದರೆ ಸಮನಾದ ಬಿಳಿ. 6500 ದಾಟಿದರೆ ನೀಲಿ ಛಾಯೆ.

ನಾಲ್ಕನೆಯದು ಬಣ್ಣ ತೋರುವ ಅಂಕ. ಇದನ್ನು ಸಿ.ಆರ್.ಐ. ಎನ್ನುತ್ತಾರೆ. ಪರೀಕ್ಷೆಯ ಹಾಗೆ ಇದಕ್ಕೂ ನೂರೇ ಗರಿಷ್ಠ ಅಂಕ. ಬಿಸಿಲಿಗೆ ನೂರು. ಹಳೆಯ ತಂತಿಯ ಬಲ್ಬಿಗೂ ಹೆಚ್ಚುಕಡಿಮೆ ನೂರೇ. ಸಾಧಾರಣ ಟಾರ್ಚಿನ ಎಲ್.ಇ.ಡಿ.ಗೆ 70ರ ಆಸುಪಾಸು. ಒಳ್ಳೆಯ ಫಾಸ್ಫರ್ ಹಾಕಿ, ಅದರಲ್ಲಿ ಕೆಂಪನ್ನೂ ಬೆರೆಸಿ ಮಾಡಿದ ಎಲ್.ಇ.ಡಿ.ಗೆ 90ಕ್ಕೂ ಮೇಲೆ ಬರುತ್ತದೆ. ಆದರೆ ಹಾಗೆ ಮಾಡಿದಾಗ ಲ್ಯೂಮೆನ್ ಸ್ವಲ್ಪ ಇಳಿಯುತ್ತದೆ. ಒಂದನ್ನು ಗಳಿಸಿದರೆ ಇನ್ನೊಂದನ್ನು ಕೊಡಲೇಬೇಕು.

ಎಲ್.ಇ.ಡಿ. ಮಾಡುವ ಕಂಪನಿಗಳು

ಸಾಮಾನ್ಯವಾಗಿ ಟಾರ್ಚು ಮಾಡುವವರು ಬೇರೆ, ಒಳಗಿನ ಎಲ್.ಇ.ಡಿ. ಮಾಡುವವರು ಬೇರೆ. ಗಾಡಿ ಒಬ್ಬರದು, ಎತ್ತು ಇನ್ನೊಬ್ಬರದು ಇದ್ದ ಹಾಗೆ. ಟಾರ್ಚಿನ ವಿಷಯದಲ್ಲಿ ಹೆಚ್ಚಾಗಿ ಕೇಳಿಬರುವ ಐದು ಹೆಸರುಗಳನ್ನು ನೋಡೋಣ.

ನಿಚಿಯಾ: ಜಪಾನಿನ ಶಿಕೊಕು ದ್ವೀಪದ ಅನಾನ್ ಎಂಬ ಊರಿನ ಕಂಪನಿ. 1956ರಲ್ಲಿ ಶುರುವಾಯಿತು. ಟ್ಯೂಬ್‌ಲೈಟಿಗೆ ಬೇಕಾದ ಫಾಸ್ಫರ್ ಮಾಡುವುದು ಇವರ ಹಳೆಯ ಕಸುಬು. ಅಂದರೆ ಅರಿಶಿನ ಅರೆಯುವ ಕೈ ಮೊದಲೇ ಪಳಗಿತ್ತು. ಆದ್ದರಿಂದ ಬಣ್ಣದ ವಿಷಯದಲ್ಲಿ ಇವರಿಗೆ ದೊಡ್ಡ ಹೆಸರು. 219ಬಿ ಮತ್ತು 519ಎ ಎಂಬ ಇವರ ಮಾದರಿಗಳಲ್ಲಿ 90ಕ್ಕೂ ಹೆಚ್ಚಿನ ಸಿ.ಆರ್.ಐ. ಇರುವಂಥವು ಸಿಗುತ್ತವೆ.

ಕ್ರೀ: ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ 1987ರಲ್ಲಿ ಶುರುವಾದ ಕಂಪನಿ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುವುದು ಇವರ ಹೆಗ್ಗಳಿಕೆ. 2006ರ ಎಕ್ಸ್‌ಆರ್-ಇ, 2010ರ ಎಕ್ಸ್‌ಎಂ-ಎಲ್ ಎಂಬ ಮಾದರಿಗಳು ಕೈಟಾರ್ಚಿನ ಚಹರೆಯನ್ನೇ ಬದಲಿಸಿದವು. 2021ರಲ್ಲಿ ಮೂಲ ಕಂಪನಿ ಎಲ್.ಇ.ಡಿ. ವಿಭಾಗವನ್ನು ಮಾರಿ, ತಾನು ವುಲ್ಫ್‌ಸ್ಪೀಡ್ ಎಂದು ಹೆಸರು ಬದಲಿಸಿಕೊಂಡಿತು. ಎಲ್.ಇ.ಡಿ.ಗಳ ಮೇಲೆ ಕ್ರೀ ಎಂಬ ಹೆಸರು ಹಾಗೇ ಉಳಿಯಿತು.

ಲುಮಿಲೆಡ್ಸ್: ಇವರ ಲಕ್ಸಿಯಾನ್ ಎಂಬ ಎಲ್.ಇ.ಡಿ. 2000ದ ಆಸುಪಾಸಿನಲ್ಲಿ ಬಂತು. ಅಲ್ಲಿಯವರೆಗೆ ಎಲ್.ಇ.ಡಿ. ಎಂದರೆ ರೇಡಿಯೋದ ಮೇಲೆ ಮಿಣಮಿಣ ಅನ್ನುವ ದೀಪ ಅಷ್ಟೇ. ಒಂದೇ ಎಲ್.ಇ.ಡಿ.ಗೆ ಒಂದು ವ್ಯಾಟಿನಷ್ಟು ವಿದ್ಯುತ್ ಉಣಿಸಿ ದಾರಿ ನೋಡುವಷ್ಟು ಬೆಳಕು ತೆಗೆಯಬಹುದು ಎಂದು ಲಕ್ಸಿಯಾನ್ ತೋರಿಸಿಕೊಟ್ಟಿತು.

ಓಸ್ರಾಮ್: ಜರ್ಮನಿಯ ಬಹಳ ಹಳೆಯ ಹೆಸರು, 1906ರಲ್ಲೇ ನೋಂದಣಿಯಾದದ್ದು. ಬಲ್ಬಿನ ತಂತಿಗೆ ಬಳಸುತ್ತಿದ್ದ ಆಸ್ಮಿಯಂ ಮತ್ತು ವುಲ್ಫ್ರಾಮ್ ಎಂಬ ಎರಡು ಲೋಹಗಳ ಹೆಸರನ್ನು ಸೇರಿಸಿ ಓಸ್ರಾಮ್ ಎಂದಿಟ್ಟರು. ವುಲ್ಫ್ರಾಮ್ ಎಂದರೆ ನಮ್ಮ ಟಂಗ್‌ಸ್ಟನ್ನೇ. ದೂರಕ್ಕೆ ಬೆಳಕು ಎಸೆಯುವ ಟಾರ್ಚುಗಳಲ್ಲಿ ಇವರ ಚಪ್ಪಟೆ ಎಲ್.ಇ.ಡಿ. ಹೆಸರುವಾಸಿ. ಮೇಲೆ ಗುಮ್ಮಟ ಇರುವುದಿಲ್ಲ, ಬೆಳಗುವ ಚೌಕ ಒಂದೆರಡು ಚದರ ಮಿಲಿಮೀಟರ್ ಮಾತ್ರ. ಬೆಳಗುವ ಜಾಗ ಚಿಕ್ಕದಾಗಿ, ಅದರ ಹೊಳಪು ಹೆಚ್ಚಾದಷ್ಟೂ ರಿಫ್ಲೆಕ್ಟರ್ ಬಟ್ಟಲು ಅದನ್ನು ಸಣ್ಣ ಕಂಬಿಯ ಹಾಗೆ ದೂರಕ್ಕೆ ಕಳಿಸುತ್ತದೆ.

ಲುಮಿನಸ್: ಇದೂ ಅಮೆರಿಕದ್ದೇ. ನಮ್ಮ ಮನೆಗಳ ಯು.ಪಿ.ಎಸ್. ಮೇಲೆ ಕಾಣುವ ಲುಮಿನಸ್ ಬೇರೆ, ಇದು ಬೇರೆ. ಇವರ ಎಸ್‌ಎಸ್‌ಟಿ-20ರಲ್ಲಿ 95ರಷ್ಟು ಸಿ.ಆರ್.ಐ. ಇರುವ ಬಗೆಯೂ ಉಂಟು. ಎಸ್‌ಎಸ್‌ಟಿ-40 ಎಂಬ ದೊಡ್ಡ ಚೌಕದ ಮಾದರಿ ಹೆಚ್ಚು ವಿದ್ಯುತ್ ತಡೆದುಕೊಂಡು ಹೆಚ್ಚು ಬೆಳಕು ಕೊಡುತ್ತದೆ.

ಹೆಸರಿಗಿಂತ ಗ್ರೇಡು ಮುಖ್ಯ

ಇಷ್ಟು ಓದಿ "ಬಣ್ಣಕ್ಕೆ ನಿಚಿಯಾ, ದೂರಕ್ಕೆ ಓಸ್ರಾಮ್" ಅಂತ ಬಾಯಿಪಾಠ ಮಾಡಿಕೊಂಡರೆ ಸಾಲದು. ಯಾಕಂದ್ರೆ ಒಂದೇ ಕಂಪನಿ ಹತ್ತಾರು ಬಗೆ ಮಾಡುತ್ತದೆ. ನಿಚಿಯಾದಲ್ಲೂ ಸಿ.ಆರ್.ಐ. ಕಡಿಮೆ ಇರುವುದು ಸಿಗುತ್ತದೆ, ಕ್ರೀಯಲ್ಲೂ ಹೆಚ್ಚು ಇರುವುದು ಸಿಗುತ್ತದೆ.

ಇನ್ನೂ ಒಂದು ವಿಷಯ ಇದೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಮಾಡಿದ ಎಲ್.ಇ.ಡಿ.ಗಳೂ ಒಂದೇ ಥರ ಇರುವುದಿಲ್ಲ. ಒಂದೇ ಹೊಲದ ಹೊಗೆಸೊಪ್ಪು ಒಂದೇ ಥರ ಇರುತ್ತದೆಯೇ? ಮನೆಯವರೆಲ್ಲ ಕೂತು ಬಣ್ಣ, ಗುಣ ನೋಡಿ ಗ್ರೇಡು ಮಾಡಿ, ರಾಮನಾಥಪುರದ ಹರಾಜು ಮಾರುಕಟ್ಟೆಗೆ ಕೊಂಡುಹೋಗುತ್ತಾರಲ್ಲ, ಹಾಗೆಯೇ ಎಲ್.ಇ.ಡಿ.ಗಳನ್ನೂ ಒಂದೊಂದಾಗಿ ಅಳೆದು ಬೆಳಕಿನ ಪ್ರಕಾರ, ಬಣ್ಣದ ಪ್ರಕಾರ ಬೇರೆ ಬೇರೆ ಡಬ್ಬಕ್ಕೆ ಹಾಕುತ್ತಾರೆ. ಈ ಗ್ರೇಡಿಗೆ ಬಿನ್ ಎಂದು ಹೆಸರು.

ಅಗ್ಗದ ಟಾರ್ಚುಗಳ ಮೇಲೆ "ಟಿ6" ಎಂದು ದೊಡ್ಡದಾಗಿ ಬರೆದಿರುವುದನ್ನು ನೋಡಿರಬಹುದು. ಅದು ಯಾವ ಕಂಪನಿಯ ಹೆಸರೂ ಅಲ್ಲ, ಮಾದರಿಯ ಹೆಸರೂ ಅಲ್ಲ. ಕ್ರೀ ಕಂಪನಿಯ ಎಕ್ಸ್‌ಎಂ-ಎಲ್ ಮಾದರಿಯಲ್ಲಿದ್ದ ಒಂದು ಗ್ರೇಡು ಅದು. 700 ಮಿಲಿಆಂಪಿಯರ್ ವಿದ್ಯುತ್ತಿಗೆ ಕನಿಷ್ಠ 280 ಲ್ಯೂಮೆನ್ ಕೊಡಬೇಕು ಎಂಬುದಷ್ಟೇ ಅದರ ಅರ್ಥ. ಹೆಸರು ಓಡಿತು, ಎಲ್ಲರೂ ಅದನ್ನೇ ಅಚ್ಚು ಹಾಕಿಸಿದರು. ಒಳಗಿರುವುದು ಅದೇನಾ ಎಂದು ಮೇಲಿನ ಬರಹದಿಂದ ತಿಳಿಯುವುದಿಲ್ಲ.

ಅದೇ ಎಕ್ಸ್‌ಎಂ-ಎಲ್‌ಗೆ 3 ಆಂಪಿಯರ್, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು ವಿದ್ಯುತ್ ಕೊಟ್ಟರೆ ಬೆಳಕು ಸುಮಾರು 900 ಲ್ಯೂಮೆನ್ ಆಗುತ್ತದೆ. ಮೂರು ಪಟ್ಟು ಮಾತ್ರ! ಉಳಿದದ್ದೆಲ್ಲಿ ಹೋಯಿತು? ಬಿಸಿಯಾಗಿ ಹೋಯಿತು. ಎತ್ತಿನ ಗಾಡಿಗೆ ಹೇರು ಜಾಸ್ತಿ ಮಾಡಿದಷ್ಟೂ ನಡಿಗೆ ನಿಧಾನವಾಗುತ್ತದಲ್ಲ, ಹಂಗೇ ಇದು. ಆ ಬಿಸಿಯನ್ನು ಹೊರಗೆ ಸಾಗಿಸಲು ಎಲ್.ಇ.ಡಿ.ಯ ಕೆಳಗೆ ಲೋಹದ ತಟ್ಟೆ ಇದ್ದು, ಅದು ಟಾರ್ಚಿನ ಲೋಹದ ಮೈಗೆ ಗಟ್ಟಿಯಾಗಿ ಕೂತಿರಬೇಕು. ಪ್ಲಾಸ್ಟಿಕ್ ಮೈಯ ಟಾರ್ಚಿನಲ್ಲಿ ಎಷ್ಟೇ ಒಳ್ಳೆಯ ಎಲ್.ಇ.ಡಿ. ಹಾಕಿದರೂ ಬಿಸಿಗೆ ದಾರಿಯಿಲ್ಲದೆ ಅದು ಪೂರ್ತಿ ಬಲದಲ್ಲಿ ಬಹಳ ಹೊತ್ತು ಬೆಳಗಲಾರದು.

ಲೆಕ್ಕ ಮಾಡಿ ನೋಡೋಣ

ಸಂತೆಯಲ್ಲಿ ಅಂಗೈಯಷ್ಟು ಉದ್ದದ ಟಾರ್ಚಿನ ಮೇಲೆ "10,000 ಲ್ಯೂಮೆನ್" ಎಂದು ಬರೆದಿರುತ್ತದೆ. ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಯಂತ್ರ ಬೇಡ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಅದರಲ್ಲಿರುವುದು ಸಾಮಾನ್ಯವಾಗಿ 18650 ಎಂಬ ಚಾರ್ಜ್ ಮಾಡುವ ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುವುದರಿಂದ ಆ ಹೆಸರು. ಅದರ ವೋಲ್ಟೇಜು 3.7. ಒಳಗಿನ ಸಂಗ್ರಹ 2500 ಮಿಲಿಆಂಪಿಯರ್ ಗಂಟೆ, ಅಂದರೆ 2.5 ಆಂಪಿಯರ್ ಗಂಟೆ ಎಂದಿಟ್ಟುಕೊಳ್ಳೋಣ.

ಸೆಲ್ಲಿನ ಶಕ್ತಿ = 3.7 × 2.5 = 9.25 ವ್ಯಾಟ್ ಗಂಟೆ.

ಒಂದು ವ್ಯಾಟಿಗೆ 100 ಲ್ಯೂಮೆನ್ ಬರುತ್ತದೆ ಎಂದು ಹಿಡಿಯೋಣ. ಜೋರಾಗಿ ಉರಿಯುವ ಟಾರ್ಚಿಗೆ ಇದು ಒಳ್ಳೆಯ ಅಂಕವೇ.

10,000 ಲ್ಯೂಮೆನ್‌ಗೆ ಬೇಕಾದ ವಿದ್ಯುತ್ = 10,000 ÷ 100 = 100 ವ್ಯಾಟ್.

ಸೆಲ್ಲು ಬರುವ ಹೊತ್ತು = 9.25 ÷ 100 = 0.0925 ಗಂಟೆ, ಅಂದರೆ ಸುಮಾರು ಐದೂವರೆ ನಿಮಿಷ!

ಸೆಲ್ಲಿನಿಂದ ಹರಿಯಬೇಕಾದ ವಿದ್ಯುತ್ = 100 ÷ 3.7 = ಸುಮಾರು 27 ಆಂಪಿಯರ್.

ಆ ಟಾರ್ಚು ಮೂರು ಗಂಟೆ ಉರಿಯುತ್ತದೆ ಎಂದು ಅದೇ ಡಬ್ಬಿಯ ಮೇಲೆ ಬರೆದಿದ್ದರೆ ಎರಡರಲ್ಲಿ ಒಂದಂತೂ ಸುಳ್ಳು. ನಿಜವಾಗಿ ಮೂರು ಗಂಟೆ ಉರಿದರೆ ಗಂಟೆಗೆ ಖರ್ಚಾಗುವುದು ಸುಮಾರು ಮೂರು ವ್ಯಾಟ್ ಗಂಟೆ. ಅಂದರೆ ಅದರ ಬೆಳಕು ಸುಮಾರು 300 ಲ್ಯೂಮೆನ್. ಹೊಲಕ್ಕೆ ಹೋಗಿಬರಲು 300 ಲ್ಯೂಮೆನ್ ಧಾರಾಳವಾಯಿತು. ಆದ್ದರಿಂದ ದೊಡ್ಡ ಅಂಕಿಗೆ ಯಾರೂ ಬೆರಗಾಗಬೇಕಿಲ್ಲ.

ನಮ್ಮ ಕೆಲಸಕ್ಕೆ ಯಾವುದು?

ಈಗ ಮೊದಲು ಹೇಳಿದ ಮೂರು ಕೆಲಸಗಳಿಗೆ ಬರೋಣ.

ಮೋಟರ್ ಹಾಕಲು ಹೋಗುವವರಿಗೆ: ನಮ್ಮ ಹೊಲಗಳಲ್ಲಿ ಕೊಳಕುಮಂಡಲ ಇದೆ. ಕಂದು ಮೈ, ಅದರ ಮೇಲೆ ಸರಪಳಿಯ ಹಾಗೆ ಕಡುಕಂದು ಚುಕ್ಕೆ. ಒಣಗಿದ ತರಗಿನ ಮೇಲೆ ಮಲಗಿದರೆ ಹಗಲಲ್ಲೇ ಕಾಣುವುದು ಕಷ್ಟ. ನೀಲಿ ಛಾಯೆಯ, ಸಿ.ಆರ್.ಐ. ಕಡಿಮೆ ಇರುವ ಬೆಳಕಿನಲ್ಲಿ ತರಗೂ ಬೂದಿ, ಹಾವೂ ಬೂದಿ. ಕಂದು ಬಣ್ಣಗಳ ನಡುವಿನ ವ್ಯತ್ಯಾಸ ತೋರುವ ಬೆಳಕು ಇಲ್ಲಿ ಬೇಕು. ದೂರಕ್ಕೆ ಹೋಗುವ ಬೆಳಕು ಇಲ್ಲಿ ಉಪಯೋಗವಿಲ್ಲ. ಕಾಲ ಮುಂದಿನ ಹತ್ತು ಹೆಜ್ಜೆ ಅಗಲವಾಗಿ ಕಂಡರೆ ಸಾಕು. ಆದ್ದರಿಂದ ಗುಮ್ಮಟವಿರುವ, 4000 ದಿಂದ 5000 ಕೆಲ್ವಿನ್‌ನ, 90ಕ್ಕೆ ಮೇಲಿನ ಸಿ.ಆರ್.ಐ. ಇರುವ ಎಲ್.ಇ.ಡಿ. ಒಳ್ಳೆಯದು. ಟಾರ್ಚು ಎಂಥದ್ದೇ ಇರಲಿ, ಕಾಲಿಗೆ ಬೂಟು ಬೇಕು, ಕೈಯಲ್ಲಿ ಕೋಲು ಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಕಚ್ಚಿದರೆ ಮಂತ್ರ, ನಾಟಿ ಔಷಧಿ ಅಂತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು.

ಬ್ಯಾರನ್ ಕಾಯುವವರಿಗೆ: ಹೊಗೆಸೊಪ್ಪು ಸೇದುವುದು ಆರೋಗ್ಯಕ್ಕೆ ಕೆಟ್ಟದ್ದು ಎಂದು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಆದರೂ ನಮ್ಮಲ್ಲಿ ಅನೇಕರ ಮನೆಯ ಸಾಲ ತೀರುವುದೂ ಫೀಸು ಕಟ್ಟುವುದೂ ಆ ಬೆಳೆಯಿಂದಲೇ. ಬ್ಯಾರನ್ನಿನಲ್ಲಿ ಮೊದಲು ಹದವಾದ ಬಿಸಿ ಕೊಟ್ಟು ಹಸಿರು ಎಲೆಯನ್ನು ಹಳದಿಗೆ ತಿರುಗಿಸುತ್ತಾರೆ. ಸರಿಯಾಗಿ ಹಳದಿ ಬಂದ ಹೊತ್ತಿಗೆ ಬಿಸಿ ಏರಿಸಿ ಆ ಬಣ್ಣವನ್ನು ನಿಲ್ಲಿಸಬೇಕು. ಬೇಗ ಏರಿಸಿದರೆ ಹಸಿರು ಉಳಿಯುತ್ತದೆ, ತಡವಾದರೆ ಎಲೆ ಕಂದಾಗುತ್ತದೆ. ಎರಡರಲ್ಲೂ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಈ ತೀರ್ಮಾನವನ್ನು ನಡುರಾತ್ರಿಯಲ್ಲಿ ಟಾರ್ಚು ಬಿಟ್ಟು ಎಲೆಯ ಬಣ್ಣ ನೋಡಿಯೇ ಮಾಡಬೇಕಾಗುತ್ತದೆ. "ಹಳೇ ಬ್ಯಾಟ್ರೀಲಿ ಬಣ್ಣ ಚೆನ್ನಾಗಿ ಗೊತ್ತಾಗ್ತಿತ್ತು ಕಣ್ರೋ" ಎಂದು ತಾತಂದಿರು ಯಾರಾದರೂ ಹೇಳಿದರೆ ನಗಬೇಡಿ. ಆ ಮಾತಿನಲ್ಲಿ ವಿಜ್ಞಾನ ಇದೆ. ತಂತಿ ಬಲ್ಬಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬಿಡುವಿಲ್ಲದೆ ಇದ್ದವು. ಆದರೆ ಆ ಬೆಳಕೇ ಹಳದಿಯಾದ್ದರಿಂದ ನಸುಹಸಿರು ಕೂಡ ಸ್ವಲ್ಪ ಹಳದಿಯಾಗಿ ತೋರಬಹುದಿತ್ತು. ನೀಲಿ ಬಿಳುಪಿನ ಅಗ್ಗದ ಎಲ್.ಇ.ಡಿ. ಇನ್ನೊಂದು ತುದಿಗೆ ಎಳೆಯುತ್ತದೆ. ಈ ಕೆಲಸಕ್ಕೆ 5000 ಕೆಲ್ವಿನ್‌ನ ಹತ್ತಿರದ, 90ಕ್ಕೆ ಮೇಲಿನ ಸಿ.ಆರ್.ಐ. ಇರುವುದೇ ಸರಿ. ಲ್ಯೂಮೆನ್ ನೂರಿನ್ನೂರು ಇದ್ದರೂ ನಡೆಯುತ್ತದೆ.

ಕಾಡಂಚಿನ ಊರಿನವರಿಗೆ: ಆನೆ ಹತ್ತಿರ ಬಂದ ಮೇಲೆ ಕಂಡರೆ ಪ್ರಯೋಜನವಿಲ್ಲ. ನೂರಿನ್ನೂರು ಮೀಟರ್ ದೂರದಲ್ಲೇ ಇದೆಯೋ ಇಲ್ಲವೋ ಗೊತ್ತಾಗಬೇಕು. ಇಲ್ಲಿ ಬಣ್ಣ ಮುಖ್ಯವಲ್ಲ, ಕ್ಯಾಂಡೆಲಾ ಮುಖ್ಯ. ಚಿಕ್ಕ ಚೌಕದ ಚಪ್ಪಟೆ ಎಲ್.ಇ.ಡಿ., ಅಗಲವಾದ ಆಳವಾದ ಬಟ್ಟಲು ಇರುವ ಟಾರ್ಚು ಬೇಕು. ಆನೆ ಇದೆ ಎಂದು ಗೊತ್ತಾದ ಕೂಡಲೇ ಬೆಳಕು ಇಳಿಸಿ ಹಿಂದಕ್ಕೆ ಬರಬೇಕು. ಅದರ ಮುಖಕ್ಕೆ ಬೆಳಕು ಬಿಟ್ಟು ಕೆಣಕಬಾರದು. ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಬೇಕು.

ನೋಡಿದಿರಾ? ಒಂದೇ ತಾಲ್ಲೂಕಿನ ಮೂರು ಮನೆಗೆ ಒಂದೇ ಟಾರ್ಚು ಒಪ್ಪುವುದಿಲ್ಲ. "ಎಲ್ಲಕ್ಕಿಂತ ಒಳ್ಳೆಯ ಎಲ್.ಇ.ಡಿ." ಎಂಬುದು ಯಾವುದೂ ಇಲ್ಲ. ಕೆಲಸಕ್ಕೆ ತಕ್ಕ ಎಲ್.ಇ.ಡಿ. ಇದೆ.

ಮಾಡಿ ನೋಡಿ

ಹೆಸರು ಮಾಡಿದ ಎಲ್.ಇ.ಡಿ. ಇರುವ ಟಾರ್ಚು ದುಬಾರಿ. ಎಲ್ಲರೂ ಕೊಳ್ಳಲಾರರು. ಆದರೆ ಮನೆಯಲ್ಲಿರುವ, ಅಂಗಡಿಯಲ್ಲಿರುವ ಟಾರ್ಚುಗಳಲ್ಲಿ ಯಾವುದು ಯಾವುದಕ್ಕೆ ಆಗುತ್ತದೆ ಎಂದು ನಾವೇ ಪರೀಕ್ಷಿಸಬಹುದು.

1. ಟಾರ್ಚು ಆರಿಸಿ, ಸೆಲ್ಲು ತೆಗೆದು, ಭೂತಗನ್ನಡಿಯಲ್ಲಿ ಎಲ್.ಇ.ಡಿ.ಯನ್ನು ನೋಡಿ. ಹಳದಿ ಚೌಕ ಕಾಣುತ್ತದೆ. ಅದು ಚಿಕ್ಕದೋ ದೊಡ್ಡದೋ, ಒಂದೋ ನಾಲ್ಕೋ, ಮೇಲೆ ಗುಮ್ಮಟ ಇದೆಯೋ ಇಲ್ಲವೋ ಬರೆದುಕೊಳ್ಳಿ.

2. ಕತ್ತಲ ಕೋಣೆಯಲ್ಲಿ ಕುಂಕುಮ, ಅರಿಶಿನ, ಒಂದು ಹಸಿರೆಲೆ, ಒಂದು ತರಗು ಇವುಗಳನ್ನು ಸಾಲಾಗಿಟ್ಟು ಟಾರ್ಚು ಬಿಡಿ. ನಿಮ್ಮ ಅಂಗೈಯನ್ನೂ ನೋಡಿ. ಹಗಲು ಬೆಳಕಿನಲ್ಲಿ ಕಂಡ ಬಣ್ಣಕ್ಕೆ ಹತ್ತಿರ ಇದ್ದರೆ ಸಿ.ಆರ್.ಐ. ಚೆನ್ನಾಗಿದೆ. ಕುಂಕುಮ ಮಂಕಾಗಿ, ಅಂಗೈ ಹೆಣದ ಬಣ್ಣ ಬಂದರೆ ಚೆನ್ನಾಗಿಲ್ಲ.

3. ಸುಣ್ಣದ ಗೋಡೆಯಿಂದ ಐದು ಮೀಟರ್ ದೂರ ನಿಂತು ಬೆಳಕು ಬಿಡಿ. ನಡುವಿನ ಹೊಳೆಯುವ ವೃತ್ತದ ಅಗಲವನ್ನು ಅಳೆಯಿರಿ. ವೃತ್ತ ಚಿಕ್ಕದಾದಷ್ಟೂ ಅದು ದೂರದ ಟಾರ್ಚು, ಅಗಲವಾದಷ್ಟೂ ಹತ್ತಿರದ ಟಾರ್ಚು.

4. ಎಣ್ಣೆ ಕಲೆಯ ಪರೀಕ್ಷೆ: ಬಿಳಿ ಹಾಳೆಯ ನಡುವೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಒರೆಸಿ. ಕತ್ತಲ ಕೊಠಡಿಯಲ್ಲಿ ಆರು ಮೀಟರ್ ದೂರದಲ್ಲಿ ಎರಡು ಟಾರ್ಚುಗಳನ್ನು ಎದುರುಬದುರಾಗಿ ಇಟ್ಟು, ನಡುವೆ ಹಾಳೆ ಹಿಡಿದು ಹಿಂದೆ ಮುಂದೆ ಸರಿಸಿ. ಎರಡು ಕಡೆಯ ಬೆಳಕೂ ಸಮನಾದ ಜಾಗದಲ್ಲಿ ಕಲೆ ಮಾಯವಾಗುತ್ತದೆ. ಎರಡು ಟಾರ್ಚಿನ ಬಣ್ಣ ಬೇರೆಯಾಗಿದ್ದರೆ ಪೂರ್ತಿ ಮಾಯವಾಗದೆ ಬಹಳ ಮಸುಕಾಗುತ್ತದೆ. ಆ ಜಾಗ ಮೊದಲ ಟಾರ್ಚಿಗೆ 2 ಮೀಟರ್, ಎರಡನೆಯದಕ್ಕೆ 4 ಮೀಟರ್ ಇದ್ದರೆ ಎರಡನೆಯದರ ಜೋರು ಎಷ್ಟು ಪಟ್ಟು? ದೂರಗಳ ವರ್ಗ ತೆಗೆಯಿರಿ: 4 ಮತ್ತು 16. ಆದ್ದರಿಂದ ನಾಲ್ಕು ಪಟ್ಟು.

ಎಚ್ಚರಿಕೆಯ ಮಾತು

ಉರಿಯುವ ಎಲ್.ಇ.ಡಿ.ಯನ್ನು ನೇರವಾಗಿ ನೋಡಬೇಡಿ, ಯಾರ ಕಣ್ಣಿಗೂ ಬಿಡಬೇಡಿ. ಚಾರ್ಜ್ ಮಾಡುವ ಲಿಥಿಯಂ ಸೆಲ್ಲಿನ ಸಿಪ್ಪೆ ಹರಿದಿದ್ದರೆ, ಉಬ್ಬಿದ್ದರೆ ಉಪಯೋಗಿಸಬೇಡಿ. ಬೀಗದಕೈ, ಚಿಲ್ಲರೆ ಇರುವ ಜೇಬಿನಲ್ಲಿ ಸೆಲ್ಲು ಹಾಕಬೇಡಿ. ಹಳೆಯ ಸೆಲ್ಲನ್ನು ಒಲೆಗೆ ಎಸೆಯಬೇಡಿ, ಸಿಡಿಯುತ್ತದೆ. ಚಿಕ್ಕ ತಮ್ಮ ತಂಗಿಯರ ಕೈಗೆ ಸಿಗದಂತೆ ಇಡಿ.

ಯೋಚಿಸಿ ಉತ್ತರಿಸಿ

1. ಆರಿದ ಬಿಳಿ ಎಲ್.ಇ.ಡಿ. ಹಳದಿಯಾಗಿ ಕಾಣುವುದೇಕೆ?
2. 2500 ಕ್ಯಾಂಡೆಲಾದ ಟಾರ್ಚಿನ ಬೆಳಕು ಎಷ್ಟು ಮೀಟರ್ ಹೋಗುತ್ತದೆ?
3. ವಿದ್ಯುತ್ ನಾಲ್ಕು ಪಟ್ಟು ಮಾಡಿದರೆ ಬೆಳಕು ನಾಲ್ಕು ಪಟ್ಟು ಆಗುವುದಿಲ್ಲ, ಏಕೆ?
4. ನಿಮ್ಮ ಮನೆಯ ಟಾರ್ಚು ಮೇಲಿನ ಮೂರು ಕೆಲಸಗಳಲ್ಲಿ ಯಾವುದಕ್ಕೆ ಹೊಂದುತ್ತದೆ? ಹೇಗೆ ತಿಳಿದುಕೊಂಡಿರಿ?

ಈ ಪತ್ರಿಕೆಯ ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಿದೆ. ಅದರಲ್ಲಿ ಐದು ಮನೆ ಗೆರೆ ಹಾಕಿದೆ: ಊರು, ಟಾರ್ಚಿನ ಬಗೆ, ಗೋಡೆಯ ಮೇಲಿನ ವೃತ್ತದ ಅಗಲ, ಕುಂಕುಮದ ಬಣ್ಣ, ಯಾವ ಕೆಲಸಕ್ಕೆ. ಪರೀಕ್ಷೆ ಮಾಡಿದವರು ಬಂದು ತುಂಬಿಸಿ. ಹಾಳೆ ತುಂಬಿದ ಮೇಲೆ ಅದನ್ನು ನಕಲು ಮಾಡಿ ಮನೆಗೆ ಒಯ್ಯೋಣ. ಮುಂದಿನ ಸಲ ಅಪ್ಪ ಟಾರ್ಚು ಕೊಳ್ಳಲು ಹೊರಟಾಗ ಅದು ಅವರ ಜೇಬಿನಲ್ಲಿರಲಿ.